ಅಹ್ಮದ್ ಬಾವ ಇಟ್ಟ ಬೆಳಕು

ಆ ಕಾಲದಲ್ಲಿ ಮಂಗಳೂರಿನಲ್ಲಿ ಯಾರ ಕೈಗೆ ನಾಲ್ಕು ಕಾಸು ಬಂತೋ ಅವರ ಮನೆಗೆ ಟ್ಯೂಬ್‌ಲೈಟ್ ಬಂತು. ಚಾವಡಿಗೆ ಒಂದು, ದೇವರ ಕೋಣೆಗೆ ಒಂದು, ಸಾಲದ್ದಕ್ಕೆ ದನದ ಹಟ್ಟಿಗೂ ಒಂದು ಹಾಕಿಸಿದವರನ್ನು ನಾನು ಕಂಡಿದ್ದೇನೆ. ದನ ಹಾಲು ಹೆಚ್ಚು ಕೊಟ್ಟಿತೋ ಇಲ್ಲವೋ ತಿಳಿಯದು. ದಾರಿಯಲ್ಲಿ ಹೋಗುವವರಿಗೆ ಹಟ್ಟಿ ಕಂಡಿತು, ಅವರಿಗೆ ಅಷ್ಟು ಸಾಕಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವರು ಹಗಲು ಹನ್ನೊಂದು ಗಂಟೆಗೆ ಟ್ಯೂಬ್ ಉರಿಸಿಕೊಂಡು ಕೂತರು.

ಈ ಟ್ಯೂಬುಗಳನ್ನು ಹಾಕಿಕೊಟ್ಟು ಹೊಟ್ಟೆ ಹೊರೆದವರಲ್ಲಿ ಬಂದರಿನ ಅಹ್ಮದ್ ಬಾವ ಎಂಬ ಬ್ಯಾರಿ ಮುಸಲ್ಮಾನನೂ ಒಬ್ಬ. ಹಾಕಿಯೂ ಕೊಡುತ್ತಿದ್ದ, ಹಾಕಿಸಿಕೊಂಡವರನ್ನು ಅವರ ಎದುರಿಗೇ ಹೀಯಾಳಿಸಿಯೂ ಬರುತ್ತಿದ್ದ. ಅವನ ಅಪ್ಪ ಗ್ಯಾಸ್‌ಲೈಟ್ ಬಾಡಿಗೆಗೆ ಕೊಡುವವನು. ಮದುವೆಗೆ, ಯಕ್ಷಗಾನದ ಆಟಕ್ಕೆ, ಹರಾಜಿಗೆ, ಎಲ್ಲಿ ಬೆಳಕು ಬೇಕೋ ಅಲ್ಲಿಗೆ ಅಪ್ಪನೊಟ್ಟಿಗೆ ಹೋಗಿ ಬಾವ ಬೆಳೆದ. ಐವತ್ತನೇ ಇಸವಿಯ ಸುಮಾರಿಗೆ ಮನೆಮನೆಗೂ ಕರೆಂಟು ಬರತೊಡಗಿದಾಗ ಗ್ಯಾಸ್‌ಲೈಟುಗಳೆಲ್ಲ ಮನೆಯ ಜಂತಿಯಲ್ಲಿ ತೂಗಿಕೊಂಡು ಉಳಿದವು. ಬಾವ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ವೈರಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡ. ಕಲಿತದ್ದು ವೈರಿಂಗ್ ಮಾತ್ರ. ಬೆಳಕಿನ ವಿಷಯ ಅವನಿಗೆ ಅದಕ್ಕಿಂತ ಮೊದಲೇ ಗೊತ್ತಿತ್ತು. ಆಟದಲ್ಲಿ ರಾಕ್ಷಸನ ವೇಷ ಬರುವಾಗ ದೀಪ ಒಂದು ಮೊಳ ಮೇಲಿದ್ದರೆ ಮಕ್ಕಳು ಹೆದರುವುದಿಲ್ಲ, ಒಂದು ಮೊಳ ಕೆಳಗಿದ್ದರೆ ಅಪ್ಪಂದಿರೂ ಹೆದರುತ್ತಾರೆ ಎಂದು ಹೇಳುತ್ತಿದ್ದ.

"ಬೆಳಕು ಎಷ್ಟು ಬೇಕು ಅಂತ ಎಲ್ಲರೂ ಕೇಳ್ತಾರೆ ರಾಯರೇ. ಎಲ್ಲಿಂದ ಬರಬೇಕು ಅಂತ ಒಬ್ಬನೂ ಕೇಳುವುದಿಲ್ಲ. ಕುರುಡರ ಊರು ಮಾರಾಯ್ರೇ ಇದು" ಎಂದು ನನ್ನ ಹತ್ತಿರ ಗೊಣಗುತ್ತಿದ್ದ.

ಅವನನ್ನು ಹೊಗಳಲು ಕೂತಿದ್ದೇನೆ ಎಂದುಕೊಳ್ಳಬೇಡಿ. ಹೇಳಿದ ದಿನ ಒಮ್ಮೆಯೂ ಬಂದವನಲ್ಲ. ಬಂದರೆ ಚೀಲ ಕೆಳಗಿಟ್ಟು, ಬೀಡಿ ಹಚ್ಚಿ, ಗೋಡೆ ನೋಡುತ್ತ ಅರ್ಧ ಗಂಟೆ ಕೂತುಬಿಡುತ್ತಿದ್ದ. ದುಡ್ಡು ಕೊಡುವವನು ಬಾಗಿಲಲ್ಲಿ ನಿಂತು ಕೆಮ್ಮಬೇಕು. ಒಮ್ಮೆ ಒಂದು ರೇಷ್ಮೆ ಅಂಗಡಿಯಲ್ಲಿ ಬಲ್ಬು ಬದಲಿಸಲು ಹೋದವನು, ಸೀರೆ ಆರಿಸುತ್ತಿದ್ದ ಹೆಂಗಸಿಗೆ "ಅಮ್ಮ, ಈ ಬಣ್ಣ ಈ ಬೆಳಕಿಗೆ ಮಾತ್ರ. ಹೊರಗೆ ಬಿಸಿಲಿಗೆ ತೆಗೆದುಕೊಂಡು ಹೋಗಿ ನೋಡಿ" ಎಂದ. ಆಕೆ ನೋಡಿದಳು, ಸೀರೆ ಬಿಟ್ಟು ನಡೆದಳು. ಅಂಗಡಿಯವನು ಬಾವನನ್ನು ಏಣಿಸಮೇತ ಹೊರಗೆ ಹಾಕಿದ. ಅವನ ಹೆಂಡತಿ ಹಲೀಮಾ, "ಊರಿಗೆಲ್ಲ ಸ್ವಿಚ್ ಇಡ್ತೀರಿ, ನಿಮ್ಮ ನಾಲಿಗೆಗೆ ಒಂದು ಇಟ್ಟುಕೊಳ್ಳಿ" ಎನ್ನುತ್ತಿದ್ದಳಂತೆ. ಇದನ್ನು ಅವನೇ ಹೇಳಿಕೊಂಡು ನಗುತ್ತಿದ್ದ.

ಇನ್ನು ನನ್ನ ವಿಷಯ. ಕೊಟ್ಟಾರದಲ್ಲಿ ಹೆದ್ದಾರಿಯ ಬದಿಯಲ್ಲಿ ಗುಣಪಾಲ ಹೆಗ್ಡೆ ಕಟ್ಟಿಸಿದ ಹೊಸ ಲಾಡ್ಜಿಗೆ ನಾನು ಮ್ಯಾನೇಜರು. ಹೆಸರಿಗೆ ಮ್ಯಾನೇಜರು. ಧಣಿ ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟಲು ಹಗ್ಗ ಹುಡುಕುವುದು ನನ್ನ ನಿಜವಾದ ಕೆಲಸ. ಗುಣಪಾಲನಿಗೆ ಆಗ ನಲವತ್ತು ದಾಟಿರಬೇಕು. ಬಿಳಿ ಪ್ಯಾಂಟು, ಬಿಳಿ ಶೂ, ಬೆರಳಿಗೆ ಮೂರು ಉಂಗುರ. ಲಾಡ್ಜ್ ಎದ್ದ ಜಾಗ ಅವನು ಸಂಪಾದಿಸಿದ್ದಲ್ಲ, ಕುಟುಂಬದ್ದು. ಕುಟುಂಬದ ಯಜಮಾನರು ಅವನ ತಾಯಿಯ ಅಣ್ಣ, ದೇರೆಬೈಲಿನ ದೂಮಣ್ಣ ಹೆಗ್ಡೆಯವರು. ಅವರಲ್ಲಿ ಆಸ್ತಿ ಮಾವನಿಂದ ಅಳಿಯನಿಗೆ ಬರುವ ಕ್ರಮ. ಮಾವನಿಗೆ ಎಪ್ಪತ್ತೆರಡು, ಮದುವೆಯಾದವರಲ್ಲ. ಗುಣಪಾಲನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಅವರು. ಅವನು ಕೇಳಿದಲ್ಲೆಲ್ಲ ಓದದೆಯೇ ಸಹಿ ಹಾಕಿದವರು.

ಪೇಟೆಯ ಇನ್ನೊಂದು ಹೋಟೆಲಿನಲ್ಲಿ ಯಾರದೋ ಅಜ್ಜನ ದೊಡ್ಡ ತೈಲಚಿತ್ರ ನೋಡಿಬಂದ ಗುಣಪಾಲನಿಗೆ ನಮ್ಮಲ್ಲಿಯೂ ಒಂದು ಆಗಬೇಕು ಎಂದು ಹಟ ಹುಟ್ಟಿತು. ಮಾವನ ಮೇಲಿನ ಪ್ರೀತಿ ಎಂದು ಊರಿಗೆ ಹೇಳಿದ. ಅವನಿಗೆ ಬೇಕಿದ್ದದ್ದು ಗೋಡೆ ತುಂಬುವಷ್ಟು ದೊಡ್ಡ ಪಟ, ಅಷ್ಟೇ. ಚಿತ್ರ ಬರೆಯಲು ಸಿಕ್ಕಿದವರು ಹುಡುಗಿಯರ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಬೆನಿಟಾ ಟೀಚರ್. ಇಪ್ಪತ್ತು ವರ್ಷ ಮಕ್ಕಳಿಗೆ ಮಾವಿನಕಾಯಿ, ಹೂಜಿ ಬರೆಸಿದ ಹೆಂಗಸು. ಜೀವಂತ ಮನುಷ್ಯನನ್ನು ಎದುರು ಕೂರಿಸಿ ಬರೆಯುವ ಅವಕಾಶ ಬಂದದ್ದು ಅದೇ ಮೊದಲು. ದೂಮಣ್ಣ ಹೆಗ್ಡೆಯವರು ಸ್ಟುಡಿಯೋಗೆ ಬರಲಾರೆ ಎಂದರು. ಬೆಂಗ್ರೆಯಲ್ಲಿ ಹೊಳೆಗೆ ಮುಖಮಾಡಿ ಅವರದೊಂದು ತೆಂಗಿನ ತೋಟ, ತೋಟದಲ್ಲಿ ಒಂದು ಹಂಚಿನ ಮನೆ ಇತ್ತು. ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ ಅಲ್ಲಿಯ ಜಗಲಿಯಲ್ಲಿ ಕೂರುವುದು ಅವರ ಅಭ್ಯಾಸ. ಟೀಚರ್ ಬೇಸಗೆ ರಜೆಯಲ್ಲಿ ಹದಿನಾಲ್ಕು ಬೆಳಿಗ್ಗೆ ಅಲ್ಲಿಗೇ ಹೋಗಿ ಬರೆದರು.

ಅರುವತ್ತೊಂದನೇ ಇಸವಿ, ಲಾಡ್ಜಿನ ಉದ್ಘಾಟನೆಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಚಿತ್ರ ಬಂತು. ಲಾಡ್ಜಿನ ದೊಡ್ಡ ಹಾಲ್‌ನ ಗೋಡೆಗೆ ಹಾಕಿದೆವು. ಹಾಲಿನಲ್ಲಿ ಆರು ಟ್ಯೂಬ್‌ಲೈಟ್. ಆರೂ ಉರಿದವು. ಹೇಳಲು ನಾಚಿಕೆಯಾಗುತ್ತದೆ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮೇಲಿನ ಅರ್ಧ ಬರೇ ವಾರ್ನಿಶಿನ ಹೊಳಪು. ಕೆಳಗಿನ ಅರ್ಧದಲ್ಲಿ ಬೂದಿ ಬಣ್ಣದ ಗಲ್ಲ, ಅಗಲವಾದ ಮೂಗಿನ ಹೊಳ್ಳೆ, ಹುಬ್ಬಿನ ಮೇಲೆ ಎರಡು ಕಪ್ಪು ಹೊಂಡ. ಊರಿನಲ್ಲೇ ಸಾಧು ಎಂದು ಹೆಸರಾದ ಮನುಷ್ಯ ಅಲ್ಲಿ ಬಲಿ ಕೇಳುವವನ ಹಾಗೆ ಕೂತಿದ್ದ.

"ಎಂತ ರಾಯರೇ ಇದು? ಮಾವ ಹೀಗೆ ಉಂಟಾ?" ಎಂದ ಗುಣಪಾಲ.

"ಇಲ್ಲ ಸಾರ್. ಪಟ ಸರಿಯಾಗಲಿಲ್ಲ" ಎಂದೆ. ಹಗ್ಗ ನನ್ನ ಕೈಯಲ್ಲಿ ಯಾವಾಗಲೂ ಸಿದ್ಧ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆರು ಟ್ಯೂಬ್ ಹಾಕಿಸಿದವನು ಪಟ ಡೊಂಕು ಎಂದ. ತನ್ನ ಬೆಳಕಿನಲ್ಲಿ ತಪ್ಪಿರಬಹುದು ಎಂಬ ಯೋಚನೆ ಆ ತಲೆಗೆ ಹೊಕ್ಕಲು ಬಾಗಿಲೇ ಇರಲಿಲ್ಲ. 'ಊಟ ತಯಾರಿದೆ' ಎಂದು ನಮ್ಮ ಬೋರ್ಡ್ ಬರೆದವನನ್ನು ಕರೆಸಿ, ಮುಖ ಅಳಿಸಿ ಪಾಸ್‌ಪೋರ್ಟ್ ಫೋಟೋ ನೋಡಿ ಹೊಸ ಮುಖ ಬರೆಯಲು ಒಪ್ಪಿಸಿದ. ಅವನು ಉದ್ಘಾಟನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆಂದ, ಹನ್ನೊಂದಕ್ಕೆ ಕಾರ್ಯಕ್ರಮ. ಮುಖಕ್ಕೆ ಎರಡು ಗಂಟೆ ಧಾರಾಳ ಎಂದು ಇಬ್ಬರೂ ಲೆಕ್ಕ ಹಾಕಿದರು.

ಸುದ್ದಿ ಕೇಳಿ ಬೆನಿಟಾ ಟೀಚರ್ ಓಡಿ ಬಂದರು. ಬೆವರಿದ್ದರು, ಸೀರೆಯ ಸೆರಗಿನಲ್ಲಿ ಶಾಲೆಯ ಸುಣ್ಣದ ಧೂಳು. "ನಾನು ಮನೆಯಲ್ಲಿ ನೋಡುವಾಗ ಹೀಗೆ ಇರಲಿಲ್ಲ ಸಾರ್. ಎಂತ ಆಯ್ತು ಅಂತ ನನಗೇ ಗೊತ್ತಾಗುವುದಿಲ್ಲ. ಮುಖ ಅಳಿಸಬೇಡಿ. ಇಷ್ಟು ವರ್ಷದಲ್ಲಿ ನಾನು ಬರೆದದ್ದು ಅಂತ ಇರುವುದು ಇದೊಂದೇ."

"ಟೀಚರ್, ನೀವು ಮಾವಿನಕಾಯಿ ಬರೆಯಿರಿ" ಎಂದ ಗುಣಪಾಲ. ತನ್ನ ಹಾಸ್ಯಕ್ಕೆ ತಾನೇ ನಕ್ಕ. ನಾನೂ ನಕ್ಕೆ.

ಬಾವ ಆಗ ಏಣಿಯ ಮೇಲೆ ಫ್ಯಾನ್ ಕೂರಿಸುತ್ತಿದ್ದ. ಅಲ್ಲಿಂದಲೇ ಕೇಳಿದ: "ಧನಿಗಳೇ, ನೀವು ಉಡುಪಿಗೆ ಹೋಗಿ ಬರುವುದರೊಳಗೆ ಪಟ ಸರಿಯಾದ್ರೆ ಬೋರ್ಡಿನವನು ಬೇಡ ಅಲ್ವಾ?"

ಮುಖ್ಯ ಅತಿಥಿಯನ್ನು ಕರೆತರಲು ಗುಣಪಾಲ ಉಡುಪಿಗೆ ಹೊರಟಿದ್ದ. ಬರುವುದು ಉದ್ಘಾಟನೆಯ ಬೆಳಿಗ್ಗೆಗೇ. "ಸರಿಯಾದ್ರೆ ಇರಲಿ. ಇಲ್ಲದಿದ್ರೆ ಒಂಬತ್ತಕ್ಕೆ ಬಣ್ಣ ಬಳೀಲಿ" ಎಂದು ಕಾರು ಹತ್ತಿದ.

ಅವನ ಕಾರು ಗೇಟು ದಾಟಿದ್ದೇ ತಡ, ಬಾವ ಕೆಳಗಿಳಿದು ಆರೂ ಟ್ಯೂಬ್ ಆರಿಸಿದ. ಕಿಟಕಿ ಮುಚ್ಚಿದ. ಬ್ಯಾಟರಿ ಟಾರ್ಚ್ ಹಿಡಿದು ಚಿತ್ರದ ಎಡಕ್ಕೆ ನಿಂತ, ಬಲಕ್ಕೆ ನಿಂತ, ಸ್ಟೂಲ್ ಹತ್ತಿ ಮೇಲಿಂದ ಬಿಟ್ಟ. ಕೊನೆಗೆ ನೆಲದಲ್ಲಿ ಕೂತು ಕೆಳಗಿನಿಂದ ಬಿಟ್ಟ. ಬಿಟ್ಟವನು ಹಾಗೇ ಕೂತ.

"ಟೀಚರ್, ಬರೆಯುವಾಗ ಸೂರ್ಯ ಎಲ್ಲಿದ್ದ?"

"ಸೂರ್ಯ ಕಾಣ್ತಿರಲಿಲ್ಲ. ಜಗಲಿಯ ಹಂಚಿನ ಮಾಡು ತುಂಬ ತಗ್ಗು. ಆದ್ರೆ ಒಳಗೆ ಬೆಳಕು ಧಾರಾಳ ಇತ್ತು."

ಮರುದಿನ ಬಾವ ಬೆಂಗ್ರೆಗೆ ಹೊರಟ. ಅವನ ಮೇಲೆ ಕಣ್ಣಿಡುವುದು ನನ್ನ ಕೆಲಸವಾದ್ದರಿಂದ ನಾನೂ ದೋಣಿ ಹತ್ತಿದೆ. ದೂಮಣ್ಣ ಹೆಗ್ಡೆಯವರು ಒಂದು ವಾರದಿಂದ ಜ್ವರ ಬಂದು ದೇರೆಬೈಲಿನಲ್ಲೇ ಮಲಗಿದ್ದರು, ತೋಟದ ಮನೆಯಲ್ಲಿ ಯಾರೂ ಇರಲಿಲ್ಲ. ಬಾವ ಜಗಲಿಯಲ್ಲಿ ಕೂತು ಬೀಡಿ ಹಚ್ಚಿದ. ನಾನು ಕೆಮ್ಮಿದೆ. ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಏರಿತು. ಮಾಡು ಬಿಸಿಲನ್ನು ತಡೆಯಿತು. ಆದರೆ ಹೊಳೆಯ ನೀರಿಗೆ ಬಿದ್ದ ಬೆಳಕು ಎದ್ದು ಬಂದು ಜಂತಿಯ ಮೇಲೆ ಅಲುಗಾಡತೊಡಗಿತು.

"ನಿಮ್ಮ ಗಲ್ಲ ನೋಡಿಕೊಳ್ಳಿ ರಾಯರೇ, ಕನ್ನಡಿ ಉಂಟಾದ್ರೆ" ಎಂದ ಬಾವ. "ಇಲ್ಲಿ ಸೂರ್ಯ ಕೆಳಗಿಂದ ಬರ್ತಾನೆ. ಆ ಟೀಚರ್ ಕಂಡದ್ದನ್ನೇ ಬರೆದಿದ್ದಾರೆ. ನೀವು ಅದರ ನೆತ್ತಿಯ ಮೇಲೆ ಆರು ಟ್ಯೂಬ್ ತೂಗುಹಾಕಿದ್ದೀರಿ. ಬುದ್ಧಿ ಉಂಟಾ ನಿಮಗೆ?"

ಟ್ಯೂಬ್ ಹಾಕಿದವನು ಅವನೇ ಎಂದು ನೆನಪಿಸಿದೆ. "ಹೇಳಿದ ಕಡೆ ಹಾಕುವುದು ಹೊಟ್ಟೆಪಾಡು" ಎಂದ.

ವಾಪಸು ಬಂದು ಸೀಮೆಎಣ್ಣೆ ಡಬ್ಬಿ ಕತ್ತರಿಸಿ ತಗಡನ್ನು ದೋಣಿಯ ಆಕಾರಕ್ಕೆ ಬಗ್ಗಿಸಿದ. ಒಳಗೆ ಬಿಳಿ ಬಣ್ಣ ಹಚ್ಚಿದ. ಚಿತ್ರದ ಕೆಳಗೆ ಒಂದು ಗೇಣು ಬಿಟ್ಟು ಗೋಡೆಗೆ ಹಲಗೆ ಬಡಿದು ತಗಡನ್ನು ಅದರ ಮೇಲೆ ಕೂರಿಸಿದ. ಬಲ್ಬಿನ ಮೋರೆಯನ್ನು ಚಿತ್ರದ ಕಡೆಗೆ ಇಡಲಿಲ್ಲ, ತಗಡಿನ ಕಡೆಗೆ ಇಟ್ಟ. "ಅಲ್ಲಿ ನೀರಿಗೆ ಬಿದ್ದು ಬರುವ ಬೆಳಕು. ಇಲ್ಲಿ ತಗಡಿಗೆ ಬಿದ್ದು ಬರಲಿ." ಅರುವತ್ತು ವ್ಯಾಟ್ ಹಾಕಿದ, ಕಣ್ಣು ಕುಕ್ಕಿತು. ಹದಿನೈದು ಹಾಕಿದ, ಮುಖ ಕೆಂಪಾಯಿತು. ಇಪ್ಪತ್ತೈದು ಹಾಕಿದ. ಅಷ್ಟೇ, ಕೈ ತೆಗೆದ.

ದೂಮಣ್ಣ ಹೆಗ್ಡೆಯವರು ಅಲ್ಲಿದ್ದರು. ಹುಬ್ಬಿನ ಮೇಲಿನ ಹೊಂಡಗಳೆರಡೂ ಮಾಡಿನ ತಂಪು ನೆರಳಾದವು. ಯಾರನ್ನೋ ತಮಾಷೆ ಮಾಡಲು ಹೊರಟವರ ಹಾಗೆ ತುಟಿ ಒಂದು ಕಡೆ ಸ್ವಲ್ಪ ಎದ್ದಿತ್ತು. ಅದು ನನಗೆ ಅದುವರೆಗೆ ಕಂಡೇ ಇರಲಿಲ್ಲ. ಬೆನಿಟಾ ಟೀಚರ್ ಬಾಯಿಗೆ ಸೆರಗು ಒತ್ತಿ ಅತ್ತರು. ಬಾವನಿಗೆ ಅಳು ನೋಡಿ ಅಭ್ಯಾಸವಿಲ್ಲ, ವೈರಿನ ತುಂಡು ಹೆಕ್ಕತೊಡಗಿದ. ನನಗೂ ಸಂತೋಷವಾಯಿತು. ಸುಳ್ಳಲ್ಲ, ನಿಜವಾಗಿ ಆಯಿತು. ಮರುಕ್ಷಣ ಬೆಳಕು ಇಟ್ಟ ಜಾಗದ ಮೇಲೆ ಕಣ್ಣು ಬಿತ್ತು.

ನಮ್ಮ ಮನೆಗಳಲ್ಲಿ ಬದುಕಿರುವವರ ಪಟದ ಬುಡದಲ್ಲಿ ದೀಪ ಇಡುವುದಿಲ್ಲ. ಮನುಷ್ಯ ಹೋದ ಮೇಲೆಯೇ ಪಟದ ಕೆಳಗೆ ದೀಪ ಉರಿಯುವುದು. ಕಿಟಕಿ ಮುಚ್ಚಿದ ಹಾಲಿನಲ್ಲಿ, ಕತ್ತಲೆಯ ನಡುವೆ, ಕಾಲಬುಡದಲ್ಲಿ ಒಂದೇ ಒಂದು ಬೆಳಕು ಇಟ್ಟುಕೊಂಡು ಆ ಮುಖ. ನೋಡಿದ ಯಾರಿಗಾದರೂ ಒಂದೇ ಅರ್ಥ. ಬಾವನ ಮನೆಯಲ್ಲಿ ಮನುಷ್ಯರ ಪಟ ತೂಗುಹಾಕುವ ಕ್ರಮವೇ ಇಲ್ಲ. ನಮ್ಮವರ ಮನೆಗಳಲ್ಲಿ ಸತ್ತವರ ಪಟಕ್ಕೆ ಬಲ್ಬು ಹಾಕಿದವನೇ, ಆದರೆ ಅವನಿಗೆ ಅದು ವೈರಿಂಗಿನ ಇನ್ನೊಂದು ಪಾಯಿಂಟು, ಅಷ್ಟೇ. ಟೀಚರ ಮನೆಯಲ್ಲಿ ಯೇಸುವಿನ ಪಟದ ಕೆಳಗೆ ಯಾವಾಗಲೂ ದೀಪ. ಅವರಿಗೆ ಅದು ಮರ್ಯಾದೆ. ಗೊತ್ತಿದ್ದವನು ನಾನೊಬ್ಬ. ಹೇಳಲಿಲ್ಲ. ಹೇಳಿದರೆ ಪರಿಹಾರ ಹುಡುಕುವ ಕೆಲಸ ನನ್ನ ತಲೆಗೆ ಬರುತ್ತಿತ್ತು. ಗುಣಪಾಲ ಬಂದು ಕೂಗಾಡುವುದನ್ನು ನೋಡುವ ಆಸೆಯೂ ಇತ್ತು, ಬೈಗುಳ ಬೀಳುವುದು ಹೇಗೂ ಬಾವನಿಗೆ.

ಉದ್ಘಾಟನೆಯ ದಿನ ಎಂಟೂವರೆಗೆ ದೂಮಣ್ಣ ಹೆಗ್ಡೆಯವರೇ ಬಂದರು. ಜ್ವರ ಬಿಟ್ಟಿತ್ತು, ಮೈ ಇಳಿದಿತ್ತು, ಹೆಗಲಿಗೆ ಶಾಲು. ಹಾಲಿನ ಕಂಬದ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ತನ್ನನ್ನು ತಾನು ಬಹಳ ಹೊತ್ತು ನೋಡಿದರು.

"ಬೆಂಗ್ರೆಯ ಬೆಳಕು" ಎಂದರು. "ಇದನ್ನು ಇಲ್ಲಿಗೆ ಹೇಗೆ ತಂದೆ ಬಾವ?" ಮತ್ತೆ ನಕ್ಕು, "ದೀಪ ಮಾತ್ರ ಸ್ವಲ್ಪ ಬೇಗ ಆಯ್ತು" ಎಂದು ಪದ್ಧತಿ ಏನೆಂದು ಅವನಿಗೆ ತಿಳಿಸಿ ಹೇಳಿದರು.

ಬಾವನ ಮುಖ ಸುಣ್ಣವಾಯಿತು. ಆ ಒಂದು ದಿನ ಅವನ ನಾಲಿಗೆಗೆ ಸ್ವಿಚ್ ಬಿತ್ತು. "ಯಾ ಅಲ್ಲಾ... ಈಗ ತೆಗಿತೇನೆ ಧನಿ, ಈಗಲೇ ತೆಗಿತೇನೆ."

"ಬೇಡ ಮಾರಾಯ. ಸತ್ತ ಮೇಲೆ ಹೇಗೆ ಕಾಣ್ತೇನೆ ಅಂತ ಬೇರೆ ಯಾರಿಗೆ ನೋಡ್ಲಿಕ್ಕೆ ಸಿಗ್ತದೆ? ಗುಣಪಾಲ ಬರಲಿ, ಅವನೂ ನೋಡಿ ನಗಲಿ."

ಹತ್ತು ನಿಮಿಷದಲ್ಲಿ ಗುಣಪಾಲನ ಕಾರು ಬಂತು. ಅತಿಥಿಯನ್ನು ಪೇಟೆಯ ಬಂಗಲೆಯಲ್ಲಿ ಇಳಿಸಿ ಒಬ್ಬನೇ ಬಂದಿದ್ದ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟವನಿಗೆ ಹಾಲಿನಲ್ಲಿ ಕಂಡದ್ದು ಪಟ ಮತ್ತು ಅದರ ಬುಡದ ಬೆಳಕು. ಕಂಬದ ಬದಿಯ ಕುರ್ಚಿ ಕಾಣಲಿಲ್ಲ. ನಿಂತ. ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ನನ್ನನ್ನು ನೋಡಿದ. ಎರಡು ಉಸಿರಿನಷ್ಟು ಹೊತ್ತು ಅವನ ಮುಖದಲ್ಲಿ ಏನೋ ಅಲುಗಾಡಿತು. ಅದು ದುಃಖವೇ ಆಗಿರಲಿ ಎಂದು ಇವತ್ತಿಗೂ ಆಸೆಪಡುತ್ತೇನೆ. ಆಮೇಲೆ ಬಾಗಿಲು ಎಳೆದುಕೊಂಡ.

"ಯಾರಿಗೆಲ್ಲ ಗೊತ್ತುಂಟು?"

ಬಾವ ಹಲಗೆಯ ಬಳಿಯಿಂದ ಎದ್ದ. "ಧನಿಗಳೇ, ಅದು..."

"ಬ್ಯಾರಿ, ನೀನು ಸುಮ್ಮನಿರು. ದೊಡ್ಡವರು ಮಾತಾಡುವಾಗ ಬಾಯಿ ಹಾಕಬೇಡ." ನನ್ನ ಕಡೆ ತಿರುಗಿದ. "ರಾಯರೇ, ನಿಮಗೆ ತಲೆ ಉಂಟಾ? ದೀಪ ಇಡುವ ಅರ್ಜೆಂಟ್ ಎಂತ ಇತ್ತು? ಆರಿಸಿ ಅದನ್ನು. ಸೂತಕ ಅಂತ ಗೊತ್ತಾದ್ರೆ ಭಟ್ರು ಪೂಜೆಗೆ ಕೂರುವುದಿಲ್ಲ. ಮುನ್ನೂರು ಜನರಿಗೆ ಊಟ ಹೇಳಿ ಆಗಿದೆ, ಅತಿಥಿ ಬಂದಾಗಿದೆ."

ಮಾತು ನನ್ನ ಬಾಯಿಗೆ ಬಂದಿತ್ತು. 'ಸಾರ್, ಅವರು ಅಲ್ಲೇ ಕೂತಿದ್ದಾರೆ.' ನಾಲ್ಕೇ ಪದ. ನುಂಗಿದೆ. ಯಾಕೆ ಎಂದು ಮುಚ್ಚಿಡದೆ ಹೇಳುತ್ತೇನೆ: ಆ ಬಾಯಿಂದ ಇನ್ನೂ ಏನು ಬರುತ್ತದೋ ನೋಡಬೇಕಿತ್ತು. ಅಷ್ಟು ವರ್ಷ ಅವನಿಗೆ ಹಗ್ಗ ಹುಡುಕಿದ ನನಗೆ ಅವನು ಬೀಳುವುದನ್ನು ಕಾಣುವ ಚಪಲ.

ಬಂತು. "ಈಗ ಯಾರೂ ಬಾಯಿ ಬಿಡಬೇಡಿ. ದೇರೆಬೈಲಿಗೆ ಜನ ಕಳಿಸಿ, ಮನೆಯ ಬಾಗಿಲು ಹಾಕಿಕೊಳ್ಳಲಿಕ್ಕೆ ಹೇಳಿ. ಮಾವ ಹೋದದ್ದು ನಾಳೆ ಬೆಳಿಗ್ಗೆ ಅಂತ ಹೇಳಿದ್ರಾಯ್ತು."

"ನಾಳೆ ಎಷ್ಟು ಗಂಟೆಗೆ, ಗುಣಪಾಲ?"

ಕಂಬದ ಬದಿಯಿಂದ ದೂಮಣ್ಣ ಹೆಗ್ಡೆಯವರು ಎದ್ದು ನಿಂತಿದ್ದರು. ಗುಣಪಾಲ ಧ್ವನಿ ಬಂದ ಕಡೆ ತಿರುಗಿದ. "ಮಾವ... ನಾನು... ಈ ಬ್ಯಾರಿ ಇಟ್ಟ ದೀಪ ನೋಡಿ..."

"ದೀಪದ್ದು ತಪ್ಪಿಲ್ಲ. ಸರಿಯಾಗಿ ಕಾಣಿಸಿತು." ಅವರ ಧ್ವನಿ ಏರಲಿಲ್ಲ. ಕೈ ಮಾತ್ರ ಶಾಲನ್ನು ಹುಡುಕುತ್ತಿತ್ತು, ಶಾಲು ಹೆಗಲ ಮೇಲೆಯೇ ಇತ್ತು. "ಹೇಗೆ ಹೋದ್ರು ಅಂತ ನೀನು ಕೇಳ್ಲಿಲ್ಲ. ನೀರು ಕುಡಿದು ಹೋದ್ರಾ ಅಂತಲೂ ಕೇಳ್ಲಿಲ್ಲ. ಇರಲಿ. ಪೂಜೆ ಮಾಡಿಸು, ಜನರಿಗೆ ಊಟ ಹಾಕು, ನಿನಗೆ ಸೂತಕ ಇಲ್ಲ. ಸೂತಕ ಬಂದದ್ದು ನನಗೆ."

ಬಾವನಿಗೆ ಪಟ ಇಳಿಸಲು ಹೇಳಿದರು. ಬೋರ್ಡಿನವನು ಬಣ್ಣದ ಡಬ್ಬಿ ಹಿಡಿದು ಬರುವಾಗ ಗೋಡೆ ಬರಿದಾಗಿತ್ತು. ಹೊರಗೆ ಹೋಗುವ ಮೊದಲು ದೂಮಣ್ಣ ಹೆಗ್ಡೆಯವರು ನನ್ನೆದುರು ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಬಾವ ಬಾಯಿ ತೆಗೆದ, ಅವನ ಬಾಯಿ ಮುಚ್ಚಿಸಿದ್ರು. ನಿಮ್ಮದನ್ನು ಯಾರು ಮುಚ್ಚಿಸಿದ್ದು ರಾಯರೇ? ನಾನು ಅಲ್ಲಿ ಕೂತದ್ದು ನಿಮಗೆ ಗೊತ್ತಿತ್ತು. ಒಂದು ಮಾತು ಹೇಳಿದ್ರೆ ನಾನು ಅದನ್ನು ಕೇಳದೆ ಸಾಯ್ತಿದ್ದೆ."

ಹನ್ನೊಂದಕ್ಕೆ ಆರು ಟ್ಯೂಬ್‌ಲೈಟಿನ ಕೆಳಗೆ ಉದ್ಘಾಟನೆ ಆಯಿತು, ನಾನೇ ಸ್ವಾಗತ ಭಾಷಣ ಮಾಡಿದೆ, ಚಪ್ಪಾಳೆ ಬಿತ್ತು.

ಪಟವನ್ನು ಬಾವ ತಲೆಯ ಮೇಲೆ ಹೊತ್ತು ಬೆಂಗ್ರೆಗೆ ದಾಟಿಸಿದ. ಅಲ್ಲಿಗೆ ಕರೆಂಟು ಬಂದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜಗಲಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ, ಬೆಳಕನ್ನು ಹೊಳೆಯೇ ಕೊಟ್ಟಿತು. ಉಪ್ಪುಗಾಳಿಗೆ ಬಣ್ಣ ಕೆಡುತ್ತದೆ ಎಂದು ತಿಂಗಳಿಗೊಮ್ಮೆ ಹೋಗಿ ಒರೆಸಿ ಬರುತ್ತಿದ್ದನಂತೆ. ತನ್ನಿಂದ ಆದ ತಪ್ಪಿಗೆ ಕ್ಷಮೆ ಕೇಳಲು ಎಂದು ಮೊದಲ ಸಲ ಹೋದವನು, ಆಮೇಲೆ ದೂಮಣ್ಣ ಹೆಗ್ಡೆಯವರ ಜೊತೆ ಕೂತು ಬೀಡಿ ಸೇದಲು ಹೋಗತೊಡಗಿದ. ಬೆನಿಟಾ ಟೀಚರ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಚಿತ್ರ ತೋರಿಸುತ್ತಿದ್ದರು ಎಂದು ಕೇಳಿದ್ದೇನೆ. ಗುಣಪಾಲ ಆ ಕಡೆ ತಲೆಹಾಕಲಿಲ್ಲ. ನಾನೂ ಹೋಗಲಿಲ್ಲ.

ಅರುವತ್ತೈದರಲ್ಲೋ ಅರುವತ್ತಾರರಲ್ಲೋ, ದೋಣಿ ಕಟ್ಟುವ ಕಡವಿನಲ್ಲಿ ಬಾವ ಸಿಕ್ಕಿದ. ಗಡ್ಡ ನೆರೆತಿತ್ತು, ಹೆಗಲಲ್ಲಿ ಅದೇ ಚೀಲ. ನಾನೊಂದು ಸಣ್ಣ ಮನೆ ಕಟ್ಟಿಸಿದ್ದೆ. ವೈರಿಂಗ್ ಮಾಡಿಕೊಡು ಬಾವ, ಬೆಳಕು ಎಲ್ಲಿಂದ ಬರಬೇಕು ಅಂತ ನೀನೇ ಹೇಳು, ನಾನು ಬಾಯಿ ಹಾಕುವುದಿಲ್ಲ ಎಂದೆ.

ಅವನು ನನ್ನನ್ನು ಗೋಡೆ ನೋಡುವ ಹಾಗೆ ನೋಡಿದ.

"ನಿಮ್ಮಲ್ಲಿಗೆ ಬೇಡ ರಾಯರೇ" ಎಂದ. "ಬುದ್ಧಿ ಇಲ್ಲದವರ ಮನೆಗೆ ನಾನು ಬೈದುಕೊಂಡಾದ್ರೂ ಹೋಗ್ತೇನೆ. ನಿಮಗೆ ಬುದ್ಧಿ ಉಂಟು."

ದೋಣಿ ಬಂತು. ಅವನು ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಹತ್ತಿದ.